‘ನೀರು ಬೇಕಾ?’ ಅಂದರೆ ಯಾರಿಗೆ?

ಆಟಿಸಂ ಇರುವ ಪುಟ್ಟ ಮಗು ಏನೋ ಹೇಳಲು ಹೊರಟಿದೆ. ಅದು ಮಾತೋ, ಹಟವೋ, ಬರೀ ಗಿಳಿಪಾಠವೋ ಎಂದು ತೀರ್ಮಾನಿಸುವವರು ಸುತ್ತಲಿನ ದೊಡ್ಡವರು. ಆ ತೀರ್ಮಾನ ಹೇಗೆ ಹುಟ್ಟುತ್ತದೆ, ಎಲ್ಲಿ ಎಡವುತ್ತದೆ?

ಮನೆಗೆ ನೆಂಟರು ಬಂದಿದ್ದಾರೆ. ನಾಲ್ಕು ವರ್ಷದ ಹುಡುಗ ಒಳಗಿನಿಂದ ಬಂದು, ಅವರ ಮುಖ ನೋಡದೆ, ಪಕ್ಕದ ಗೋಡೆಗೆ ಹೇಳುವಂತೆ ‘ನೀರು ಬೇಕಾ?’ ಅನ್ನುತ್ತಾನೆ. ‘ಬೇಡ ಮರಿ, ದಾರಿಯಲ್ಲೇ ಕಾಫಿ ಆಯ್ತು’ ಎನ್ನುತ್ತಾರೆ ನೆಂಟರು. ಹುಡುಗ ಮತ್ತೆ ‘ನೀರು ಬೇಕಾ?’ ಅನ್ನುತ್ತಾನೆ. ‘ಅಬ್ಬಾ, ಏನು ಉಪಚಾರ ನೋಡಿ!’ ಎಂದು ಅವರು ನಗುತ್ತಾರೆ. ಮೂರನೇ ಸಲಕ್ಕೆ ಹುಡುಗನ ದನಿ ಏರಿದೆ. ನಾಲ್ಕನೇ ಸಲ ಮಾತೇ ಇಲ್ಲ, ಚೀರಾಟ. ನೆಲಕ್ಕೆ ಬಿದ್ದು ಹಣೆ ಚಚ್ಚಿಕೊಳ್ಳುವುದು.

ಐದು ನಿಮಿಷದಲ್ಲಿ ಆ ಹಜಾರದಲ್ಲಿ ಐದು ತೀರ್ಪು ಬಿದ್ದಿರುತ್ತದೆ. ‘ಮುದ್ದು ಜಾಸ್ತಿ ಆಯ್ತು’ ಎಂದು ನೆಂಟರ ಮನಸ್ಸು. ‘ಶುದ್ಧ ಹಟ’ ಎಂದು ತಾತ. ‘ಹೊಸಬರು ಬಂದರೆ ಹೀಗೇ, ದೃಷ್ಟಿ ತೆಗೀಬೇಕು’ ಎಂದು ಅಜ್ಜಿ. ‘ಕೇಳಿದ್ದನ್ನೇ ಒದರುತ್ತಾನೆ, ಅದಕ್ಕೆ ಅರ್ಥಗಿರ್ಥ ಇಲ್ಲ’ ಎಂದು ಅಪ್ಪ. ಅಮ್ಮ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತಾಳೆ: ‘ಅವನಿಗೇ ನೀರು ಬೇಕು.’

ಈ ಹುಡುಗ ನಾನು ಈ ಬರಹಕ್ಕಾಗಿ ಕಟ್ಟಿಕೊಂಡವನು. ಆದರೆ ಆಟಿಸಂ ಇರುವ ಮಗುವನ್ನು ಸಾಕುತ್ತಿರುವ ಯಾರಿಗೂ ಅವನು ಅಪರಿಚಿತನಲ್ಲ. ಐದು ತೀರ್ಪುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯನ್ನು ಸದ್ಯ ಹಾಗೇ ಇಟ್ಟುಕೊಳ್ಳೋಣ. ಮಗುವಿನ ಬಗ್ಗೆ ಹೇಳುವಷ್ಟನ್ನೇ ಆ ತೀರ್ಪುಗಳು ನಮ್ಮ ಬಗ್ಗೆಯೂ ಹೇಳುತ್ತವೆ.

ಒಂದು ಸ್ವರದ ದೂರ

ಅಮ್ಮನ ಊಹೆಗೆ ಒಳ್ಳೆಯ ಆಧಾರವಿದೆ, ಅದೂ ಕನ್ನಡದೊಳಗೇ ಇದೆ. ನಮ್ಮ ಮಾತಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಬಹಳ ಕಡಿಮೆ. ‘ನೀರು ಬೇಕಾ?’ ಎಂದು ಕೇಳಿದರೆ ಯಾರೂ ಬರೀ ‘ಹೌದು’ ಅನ್ನುವುದಿಲ್ಲ, ‘ಬೇಕು’ ಅನ್ನುತ್ತಾರೆ. ‘ತಿಂತೀಯಾ?’ ಅಂದರೆ ‘ತಿಂತೀನಿ’. ಕೇಳಿದವರ ಪದವನ್ನೇ ಎತ್ತಿಕೊಂಡು ಅದರ ಬಾಲ ಬದಲಿಸಿದರೆ ಉತ್ತರ ಸಿದ್ಧ. ಎರಡು ವರ್ಷದ ಮಗು ಈ ಬಾಲ ಬದಲಿಸುವ ಆಟವನ್ನು ಯಾರೂ ಕಲಿಸದೆ ಕಲಿತುಬಿಡುತ್ತದೆ. ಅದರೊಳಗೆ ‘ನೀನು’ ಎನ್ನುವುದು ‘ನಾನು’ ಆಗುವ ಒಂದು ಪಲ್ಟಿ ಇದೆ ಎಂಬುದು ನಮ್ಮ ಗಮನಕ್ಕೂ ಬರುವುದಿಲ್ಲ.

ಆಟಿಸಂ ಇರುವ ಅನೇಕ ಮಕ್ಕಳಿಗೆ ಮಾತು ಬಿಡಿಬಿಡಿ ಪದಗಳಾಗಿ ಬರುವುದಿಲ್ಲ, ಇಡೀ ತುಂಡಾಗಿ, ರಾಗಸಮೇತ ಬರುತ್ತದೆ. ಆ ಹುಡುಗನಿಗೆ ನೀರು ಸಿಗುವ ಮುಂಚೆ ಪ್ರತಿ ಸಲವೂ ಕಿವಿಗೆ ಬಿದ್ದದ್ದು ‘ನೀರು ಬೇಕಾ?’ ಎಂಬ ದನಿ. ಅದಾದ ಮೇಲೆ ಲೋಟ ಬರುತ್ತದೆ. ಹಾಗಾದರೆ ನೀರು ತರಿಸುವ ಮಾತು ಯಾವುದು? ಅವನ ಲೆಕ್ಕದಲ್ಲಿ ಅದೇ. ಲೆಕ್ಕ ಸರಿಯಾಗಿಯೇ ಇದೆ, ಬಾಲವೊಂದು ಬದಲಾಗಿಲ್ಲ ಅಷ್ಟೆ. ಇಂಗ್ಲಿಷ್ ಪುಸ್ತಕಗಳು ಇದನ್ನು ಸರ್ವನಾಮಗಳು ಅದಲುಬದಲಾಗುವ ತೊಡಕು ಎಂದು ವಿವರಿಸುತ್ತವೆ. ಸರ್ವನಾಮವನ್ನೇ ಬಿಟ್ಟು ಮಾತಾಡುವ ಕನ್ನಡದಲ್ಲಿ ಆ ತೊಡಕು ಕ್ರಿಯಾಪದದ ತುದಿಗೆ ಬಂದು ಕೂತಿರುತ್ತದೆ. ಹೊರಗಿನವರಿಗೆ ಉಪಚಾರದ ಮಾತಾಗಿ ಕೇಳುವುದು ಒಳಗೆ ಬಾಯಾರಿಕೆ ಆಗಿರಬಹುದು.

ಗಿಳಿಪಾಠದೊಳಗಿನ ಕಥೆ

ಕೇಳಿದ್ದನ್ನೇ ಮರಳಿ ನುಡಿಯುವುದಕ್ಕೆ ಎಕೊಲೇಲಿಯ ಎಂದು ಹೆಸರು. ನಮ್ಮಲ್ಲಿ ಗಿಳಿಪಾಠ. ಗಿಳಿಪಾಠ ಎಂದ ಕೂಡಲೇ ಅರ್ಥ ಹುಡುಕುವ ಕೆಲಸ ಮುಗಿದಂತೆ. ಆದರೆ ಆಟಿಸಂ ಎಂಬ ಹೆಸರಿನಲ್ಲಿ ಮಕ್ಕಳನ್ನು ಮೊದಮೊದಲು ವಿವರವಾಗಿ ಚಿತ್ರಿಸಿದವರಲ್ಲಿ ಒಬ್ಬರಾದ ವೈದ್ಯರೇ ಆ ಕೆಲಸ ಮುಗಿಯುವುದಿಲ್ಲ ಎಂದು ತೋರಿಸಿದ್ದರು.

ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಬಂಧ ಪ್ರಸಿದ್ಧವಾಯಿತು. ಮೂರು ವರ್ಷಗಳ ನಂತರ, 1946ರಲ್ಲಿ, ಅವರು ಬರೆದ ಇನ್ನೊಂದು ಚಿಕ್ಕ ಪ್ರಬಂಧ ಅಷ್ಟು ಪ್ರಸಿದ್ಧವಲ್ಲ. ಈ ಮಕ್ಕಳು ಆಡುವ ಅಸಂಬದ್ಧ ಮಾತುಗಳೇ ಅದರ ವಸ್ತು. ಒಬ್ಬ ಹುಡುಗ ಏನನ್ನಾದರೂ ಎಸೆಯಬೇಕು ಅನ್ನಿಸಿದಾಗಲೆಲ್ಲ, ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ ಎಂಬರ್ಥದ ವಾಕ್ಯವೊಂದನ್ನು ಹೇಳುತ್ತಿದ್ದ. ಸುತ್ತ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ತಾಯಿ ನೆನಪು ಕೆದಕಿದಾಗ ಗುಟ್ಟು ಹೊರಬಂತು. ಮೂರು ವರ್ಷ ಹಿಂದೆ ಇಂಗ್ಲೆಂಡಿನ ಹೋಟೆಲೊಂದರಲ್ಲಿ ಅವನು ಆಟಿಕೆಯ ನಾಯಿಯನ್ನು ಬಾಲ್ಕನಿಯಿಂದ ಮತ್ತೆ ಮತ್ತೆ ಕೆಳಗೆ ಎಸೆಯುತ್ತಿದ್ದಾಗ ಆಕೆ ಗದರಿಸಿದ್ದ ಮಾತದು. ಅಂದಿನಿಂದ ಅವನು ತನ್ನನ್ನು ತಾನೇ ತಡೆಯಲು ಅದೇ ಗದರಿಕೆಯನ್ನು ಬಳಸುತ್ತಿದ್ದ. ಅದೇ ಹುಡುಗ ಅಡುಗೆ ಪಾತ್ರೆಯಂಥದ್ದು ಕಂಡರೆ ಶಿಶುಗೀತೆಯೊಂದರ ತುಣುಕನ್ನು ಹೇಳುತ್ತಿದ್ದ. ಎರಡು ವರ್ಷದವನಿದ್ದಾಗ ತಾಯಿ ಆ ಗೀತೆ ಹೇಳುತ್ತಾ ಕೆಲಸ ಮಾಡುತ್ತಿದ್ದಾಗ ಕೈಯಿಂದ ಪಾತ್ರೆ ಜಾರಿ ಬಿದ್ದಿತ್ತು.

ಕ್ಯಾನರ್ ಹೇಳಿದ್ದರ ಸಾರ ಇಷ್ಟು: ಇಂಥ ಮಾತು ಅರ್ಥಹೀನವಲ್ಲ. ಅದರ ಅರ್ಥ ಹುಟ್ಟಿದ ಘಟನೆ ಗೊತ್ತಿಲ್ಲದವರಿಗೆ ಮಾತ್ರ ಅದು ಅರ್ಥಹೀನ. ಬೀಗದ ಕೈ ನಿಘಂಟಿನಲ್ಲಿಲ್ಲ, ಆ ಮನೆಯ ನೆನಪಿನಲ್ಲಿದೆ.

ಆದರೂ ಮುಂದಿನ ದಶಕಗಳಲ್ಲಿ ಅನೇಕ ತರಬೇತಿ ಕೇಂದ್ರಗಳು ಗಿಳಿಪಾಠವನ್ನು ಬಿಡಿಸಬೇಕಾದ ಕೆಟ್ಟ ಚಾಳಿಯೆಂದೇ ಕಂಡವು. 1981ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಕಾನ್ ಎಂಬ ವಾಕ್ ತಜ್ಞರು ನಾಲ್ಕು ಮಕ್ಕಳ ವಿಡಿಯೊಗಳನ್ನು ಕೂತು ನೋಡಿದರು. ಮಗು ಏನು ನುಡಿಯಿತು ಎಂಬುದರ ಜೊತೆಗೆ ಆ ಕ್ಷಣದಲ್ಲಿ ಅದರ ಕಣ್ಣು ಎಲ್ಲಿತ್ತು, ಕೈ ಏನು ಮಾಡುತ್ತಿತ್ತು, ದನಿ ಏರಿತೋ ಇಳಿಯಿತೋ ಎಂಬುದನ್ನೂ ಗುರುತು ಹಾಕಿಕೊಂಡರು. ಆಗಷ್ಟೇ ಕೇಳಿದ್ದನ್ನು ಮರಳಿ ನುಡಿಯುವುದೊಂದರಲ್ಲೇ ಅವರಿಗೆ ಏಳು ಬಗೆಯ ಬಳಕೆಗಳು ಕಂಡವು. ನನ್ನ ಸರದಿ ಎನ್ನಲು, ‘ಬೇಕು’ ಎನ್ನಲು, ‘ಹೌದು’ ಎನ್ನಲು, ತನಗೆ ತಾನೇ ಹೇಳಿಕೊಂಡು ಅರ್ಥ ಮಾಡಿಕೊಳ್ಳಲು, ಮುಂದಿನ ಹೆಜ್ಜೆಯನ್ನು ತನಗೇ ನೆನಪಿಸಿಕೊಳ್ಳಲು, ಹೀಗೆ. ಯಾವ ಉದ್ದೇಶವೂ ಕಾಣದ ಮರುನುಡಿಯೂ ಆ ಪಟ್ಟಿಯಲ್ಲಿತ್ತು. ಅದನ್ನು ಬಿಡದೆ ಸೇರಿಸಿದ್ದೇ ಅವರ ಪ್ರಾಮಾಣಿಕತೆ.

ಕೈ ಚಾಚಿದ್ದು ಬೆರಳು ತೋರಿದ್ದಾದ ಬಗೆ

ಹಾಗಾದರೆ ಅರ್ಥ ಎಂಬುದು ಮಗುವಿನೊಳಗೆ ಮೊದಲೇ ಇರುತ್ತದೆಯೇ, ನಾವು ಅದನ್ನು ಹೆಕ್ಕಿ ತೆಗೆಯುತ್ತೇವೆಯೇ? ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ ಇದಕ್ಕೆ ಕೊಟ್ಟ ಉತ್ತರ ಸೊಗಸಾಗಿದೆ. ಮಗು ದೂರದ ವಸ್ತುವಿಗೆ ಕೈ ಚಾಚುತ್ತದೆ, ಎಟುಕುವುದಿಲ್ಲ, ಬೆರಳುಗಳು ಗಾಳಿಯಲ್ಲಿ ಆಡುತ್ತವೆ. ಅದು ಯಾರಿಗೂ ಹೇಳಿದ್ದಲ್ಲ, ಸೋತ ಪ್ರಯತ್ನ ಅಷ್ಟೆ. ಆದರೆ ತಾಯಿ ಅದನ್ನು ‘ಕೊಡು’ ಎಂದು ಓದಿ, ವಸ್ತುವನ್ನು ತಂದು ಕೊಡುತ್ತಾಳೆ. ಹೀಗೆ ಮತ್ತೆ ಮತ್ತೆ ಆದಾಗ, ಕೈ ಚಾಚುವುದೇ ಕರೆಯುವ ವಿಧಾನ ಎಂದು ಮಗುವಿಗೆ ಹೊಳೆಯುತ್ತದೆ. ಚಾಚಿದ ಕೈ ತೋರುಬೆರಳಾಗುತ್ತದೆ. ತನ್ನ ಸನ್ನೆಯ ಅರ್ಥ ಗೊತ್ತಾಗುವವರಲ್ಲಿ ಮಗುವೇ ಕೊನೆಯದು.

1975ರಲ್ಲಿ ಎಲಿಜಬೆತ್ ಬೇಟ್ಸ್ ಮತ್ತು ಇಟಲಿಯ ಇಬ್ಬರು ಸಂಗಾತಿಗಳು ಈ ಪಯಣವನ್ನು ಮೂರು ಹಂತಗಳಾಗಿ ಬಿಡಿಸಿದರು: ಮಗು ಉದ್ದೇಶಿಸದಿದ್ದರೂ ದೊಡ್ಡವರು ಅರ್ಥ ಕೊಡುವ ಹಂತ, ಮಗು ಉದ್ದೇಶಪಟ್ಟು ಸನ್ನೆ ಮಾಡುವ ಹಂತ, ಆ ಸನ್ನೆಯ ಜಾಗಕ್ಕೆ ಮಾತು ಬರುವ ಹಂತ. ಸನ್ನೆಗಳಲ್ಲೂ ಎರಡು ಕುಲ. ‘ಅದು ಕೊಡು’ ಎನ್ನುವುದು ಒಂದು, ‘ಅದು ನೋಡು’ ಎನ್ನುವುದು ಇನ್ನೊಂದು. ಚಂದಿರನನ್ನು ತೋರಿಸುವ ಮಗುವಿಗೆ ಚಂದಿರ ಬೇಕಾಗಿಲ್ಲ, ಜೊತೆಗೆ ನೋಡುವವರು ಬೇಕು. ಆಟಿಸಂನಲ್ಲಿ ಮೊದಲನೆಯದಕ್ಕಿಂತ ಈ ಎರಡನೆಯದು ತಡವಾಗುವುದು, ಕೆಲವೊಮ್ಮೆ ಕಾಣದೇ ಇರುವುದು ಹೆಚ್ಚು. ವೈದ್ಯರು ಒಂದೂವರೆ ವರ್ಷದ ಮಗುವಿನ ಪೋಷಕರನ್ನು ‘ಬೆರಳು ಮಾಡಿ ಏನಾದರೂ ತೋರಿಸುತ್ತದೆಯಾ?’ ಎಂದು ಕೇಳುವುದು ಇದಕ್ಕೇ.

ಮಗು ಸನ್ನೆ ಮಾಡುವುದು, ದೊಡ್ಡವರು ಓದುವುದು, ಮಗು ಮತ್ತೆ ಸನ್ನೆ ಮಾಡುವುದು: ಈ ಬಳೆಯಲ್ಲಿ ಬಿರುಕು ಎಲ್ಲಿ ಬೀಳುತ್ತದೆ ನೋಡಿ. ತಾಯಿ ಓದಬೇಕಾದರೆ ಮಗು ಓದಲು ಏನಾದರೂ ಕೊಡಬೇಕು. ಮಗು ಕೊಡಬೇಕಾದರೆ ಹಿಂದೆ ಕೊಟ್ಟದ್ದನ್ನು ಯಾರಾದರೂ ಓದಿರಬೇಕು. ಮಕ್ಕಳ ಅಂಗಿಯ ಜೇಬಿನಲ್ಲಿ ಪುಟ್ಟ ರೆಕಾರ್ಡರ್ ಇಟ್ಟು ಇಡೀ ದಿನದ ದನಿಗಳನ್ನು ಹಿಡಿದು ಆನ್ ವಾರ್ಲಾಮಾಂಟ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಲೆಕ್ಕ ಹಾಕಿದರು. ಮಗು ಮಾತಿನಂಥ ದನಿ ಮಾಡಿದಾಗ ದೊಡ್ಡವರು ಓಗೊಡುವುದು ಹೆಚ್ಚು. ಓಗೊಟ್ಟ ಮೇಲೆ ಮಗುವಿನ ಮುಂದಿನ ದನಿಯೂ ಮಾತಿನಂತೆ ಇರುವ ಸಂಭವ ಹೆಚ್ಚು. ಆಟಿಸಂ ಇರುವ ಮಕ್ಕಳ ಮನೆಗಳಲ್ಲಿ ದನಿಗಳೂ ಕಡಿಮೆ, ದನಿಗೂ ಓಗೊಡುವಿಕೆಗೂ ನಡುವಿನ ನಂಟೂ ಸಡಿಲ. ಇದರಲ್ಲಿ ತಾಯಿಯ ತಪ್ಪಿಲ್ಲ. ಸುಳಿವು ಮಸುಕಾದಾಗ ಓದುಗ ಎಷ್ಟೇ ಜಾಣನಾದರೂ ತಡವರಿಸುತ್ತಾನೆ. ಆಟಿಸಂಗೆ ತಾಯಂದಿರ ತಣ್ಣನೆಯ ಮಮತೆಯೇ ಕಾರಣ ಎಂಬ ಕ್ರೂರ ಸಿದ್ಧಾಂತವೊಂದು ಕಳೆದ ಶತಮಾನದ ಮಧ್ಯದಲ್ಲಿ ಮೆರೆದು, ಸುಳ್ಳೆಂದು ಸಾಬೀತಾಗಿ ಮೂಲೆ ಸೇರಿತು. ಅದನ್ನು ಹೊಸ ಹೆಸರಿನಲ್ಲಿ ಎಬ್ಬಿಸುವ ಅಗತ್ಯವಿಲ್ಲ.

ತಾಯಿಗೆ ತಿಳಿದದ್ದು, ನೆರೆಯವರಿಗೆ ತಿಳಿಯದ್ದು

ಸುಳಿವು ಮಸುಕು ಎಂದರೆ ಏನು? ಬ್ರಿಟನ್ನಿನಲ್ಲಿ ಡೆರೆಕ್ ರಿಕ್ಸ್ ನಡೆಸಿ, ಲೋರ್ನಾ ವಿಂಗ್ ಅವರ ಜೊತೆ 1975ರಲ್ಲಿ ವಿವರಿಸಿದ ಒಂದು ಪ್ರಯೋಗ ಇಲ್ಲಿ ಬಹಳ ಹೇಳುತ್ತದೆ. ಇನ್ನೂ ಮಾತು ಬಾರದ ಮಕ್ಕಳ ದನಿಗಳನ್ನು ಅವರು ಮುದ್ರಿಸಿಕೊಂಡರು: ಏನೋ ಬೇಕಾದಾಗಿನ ದನಿ, ಸಿಗದೆ ಸಿಡುಕಿದಾಗಿನ ದನಿ, ಅಮ್ಮನನ್ನು ಕಂಡಾಗಿನ ದನಿ, ಅಚ್ಚರಿಯ ದನಿ. ಸಾಮಾನ್ಯ ಬೆಳವಣಿಗೆಯ ಶಿಶುಗಳ ದನಿಯನ್ನು ಯಾರ ಮಗುವಿನದು, ಯಾವ ಭಾಷೆಯ ಮನೆಯದು ಎಂದು ತಿಳಿಯದೆಯೂ ಪೋಷಕರು ಸರಿಯಾಗಿ ಗುರುತಿಸಿದರು. ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಚಿತ್ರ ತಿರುಗಿತು. ತಾಯಂದಿರು ತಮ್ಮ ಮಗುವಿನ ದನಿಯ ಅರ್ಥವನ್ನು ಹಿಡಿದರು. ಆಟಿಸಂ ಇರುವ ಬೇರೆ ಮಗುವಿನ ದನಿ ಅವರಿಗೆ ಒಗಟಾಯಿತು.

ಅಂದರೆ ಈ ಮಕ್ಕಳಿಗೆ ಸಂಕೇತಗಳು ಇಲ್ಲವೆಂದಲ್ಲ. ಒಬ್ಬೊಬ್ಬರದೂ ಒಂದೊಂದು ಮನೆಮಾತು, ಅದರ ಜನಸಂಖ್ಯೆ ಎರಡೋ ಮೂರೋ. ಅಂಗನವಾಡಿಯ ಶಿಕ್ಷಕಿಗೆ ‘ಏನೂ ಹೇಳುವುದಿಲ್ಲ’ ಎನಿಸುವ ಮಗುವಿನ ಬಗ್ಗೆ ಅಮ್ಮ ‘ಎಲ್ಲ ಹೇಳುತ್ತಾನೆ’ ಎಂದರೆ ಇಬ್ಬರೂ ಸುಳ್ಳಾಡುತ್ತಿಲ್ಲ.

ತಜ್ಞರಿಗೂ ಇಲ್ಲೊಂದು ಬಿಕ್ಕಟ್ಟಿದೆ. ಮಗುವಿನ ಒಂದು ನಡೆ ಸಂವಹನವೋ ಅಲ್ಲವೋ ಎಂದು ತೀರ್ಮಾನಿಸಲು ಅವರು ಕೆಲವು ಗುರುತುಗಳನ್ನು ಹುಡುಕುತ್ತಾರೆ. ಮಗು ವಸ್ತುವನ್ನು ನೋಡಿ, ಮನುಷ್ಯನನ್ನು ನೋಡಿ, ಮತ್ತೆ ವಸ್ತುವನ್ನು ನೋಡಿತೇ? ಉತ್ತರಕ್ಕಾಗಿ ಕಾಯಿತೇ? ಸಿಗದಿದ್ದಾಗ ಮತ್ತೆ ಮಾಡಿತೇ, ಬೇರೆ ರೀತಿ ಮಾಡಿತೇ? ಸಿಕ್ಕ ಮೇಲೆ ನಿಲ್ಲಿಸಿತೇ? ಇವುಗಳಲ್ಲಿ ಮೊದಲನೆಯದು, ಅಂದರೆ ಕಣ್ಣಿನ ಓಡಾಟ, ಆಟಿಸಂನಲ್ಲಿ ಕಡಿಮೆ ಸಿಗುವ ಗುರುತು. ಫ್ರಿಜ್ ತೆರೆಸಲು ಅಮ್ಮನ ಮಣಿಕಟ್ಟು ಹಿಡಿದು, ಆಕೆಯ ಮುಖ ನೋಡದೆ, ಕೈಯನ್ನು ಹಿಡಿಕೆಯ ಮೇಲಿಡುವ ಮಗುವನ್ನು ಕಂಡು ‘ಮನುಷ್ಯರನ್ನು ಸಲಕರಣೆಯಂತೆ ಬಳಸುತ್ತದೆ’ ಎಂದು ಬರೆಯುವ ರೂಢಿ ಇದೆ. ಆದರೆ ನೂರು ಸಲಕರಣೆಗಳ ಮನೆಯಲ್ಲಿ ಆ ಮಗು ಅಮ್ಮನನ್ನೇ ಹುಡುಕಿಕೊಂಡು ಬಂತಲ್ಲ! ಕಣ್ಣನ್ನೇ ನಂಬಿ ಎಣಿಸಿದರೆ ಇಂಥ ಎಷ್ಟೋ ಮಾತು ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಉಳಿದ ಗುರುತುಗಳು, ಅದರಲ್ಲೂ ‘ಆಗದಿದ್ದಾಗ ಬೇರೆ ದಾರಿ ಹಿಡಿಯಿತೇ’ ಎಂಬುದು, ಹೆಚ್ಚು ನಂಬಿಕೆಗೆ ಅರ್ಹ.

ಊರು ಬದಲಾದರೆ ಒಗಟು ಇನ್ನೂ ಬಿಗಿಯಾಗುತ್ತದೆ. ವಿದೇಶದ ಥೆರಪಿ ಕೋಣೆಯಲ್ಲಿ ಕನ್ನಡದ ಮನೆಯ ಮಗು ‘ತಾಚಿ’ ಎಂದರೆ ಅಲ್ಲಿನ ಥೆರಪಿಸ್ಟ್‌ಗೆ ಅದು ಪದವಲ್ಲದ ದನಿ. ನಿದ್ದೆ ಬಂದಿದೆ ಎಂದು ತಿಳಿಯಲು ಕನ್ನಡದ ಅಜ್ಜಿಯೇ ಬೇಕು. ಬೆಂಗಳೂರಿನಲ್ಲೂ ಮನೆಯಲ್ಲಿ ಒಂದು ಭಾಷೆ, ಆಯಾದು ಇನ್ನೊಂದು, ಶಾಲೆಯದು ಮತ್ತೊಂದು. ‘ಗೊಂದಲ ಬೇಡ, ಇಂಗ್ಲಿಷ್ ಒಂದರಲ್ಲೇ ಮಾತಾಡಿಸಿ’ ಎಂಬ ಸಲಹೆ ಇಂಥ ಮನೆಗಳಿಗೆ ಆಗಾಗ ಬರುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ನುಡಿಗೆ ಹಾನಿ ಎಂದು ಸಂಶೋಧನೆಗಳು ತೋರಿಸಿಲ್ಲ. ಅಜ್ಜಿ ತನಗೆ ಬಾರದ ಭಾಷೆಗೆ ಹೊರಳಿದರೆ ಮಗುವಿಗೆ ಒಬ್ಬ ಒಳ್ಳೆಯ ಓದುಗಾರ್ತಿ ಕೈತಪ್ಪುವುದಂತೂ ನಿಜ.

ಹಟ ಎಂಬ ಹೆಸರು

ಮಸುಕಾದ ಸುಳಿವನ್ನು ಯಾರೂ ಓದದಿದ್ದರೆ ಮಗು ಸುಳಿವಿನ ದನಿ ಏರಿಸುತ್ತದೆ. ‘ಅಳುವ ಮಗುವಿಗೇ ಹಾಲು’ ಎಂಬ ಗಾದೆ ಅನುಭವದಿಂದ ಹುಟ್ಟಿದ್ದು. ಮೆತ್ತಗೆ ಮುಟ್ಟಿದಾಗ ತಿರುಗದ ಅಪ್ಪ, ಕಚ್ಚಿದಾಗ ತಟ್ಟನೆ ತಿರುಗುತ್ತಾನೆ. ಹಾಗಾದರೆ ಕಚ್ಚುವುದು ಒಳ್ಳೆಯ ಮಾತು ಎಂದು ಕಲಿಸಿದವರು ಯಾರು?

ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಇದನ್ನು ಪರೀಕ್ಷೆಗಿಟ್ಟರು. ಬೆಳವಣಿಗೆಯ ತೊಂದರೆ ಇದ್ದ ನಾಲ್ಕು ಮಕ್ಕಳು, ಎಲ್ಲರಲ್ಲೂ ಹೊಡೆಯುವ, ಕಿರುಚುವ, ತಮ್ಮನ್ನೇ ಗಾಯಗೊಳಿಸಿಕೊಳ್ಳುವಂಥ ನಡವಳಿಕೆ. ಯಾವಾಗ ಹೆಚ್ಚಾಗುತ್ತದೆ ಎಂದು ಮೊದಲು ನೋಡಿದರು. ಕೆಲವರಲ್ಲಿ ಪಾಠ ಕಷ್ಟವಾದಾಗ, ಕೆಲವರಲ್ಲಿ ಟೀಚರ ಗಮನ ಸಿಗದಿದ್ದಾಗ. ಪಾಠ ಕಷ್ಟವಾಗುವವರಿಗೆ ‘ನನಗೆ ಅರ್ಥವಾಗಲಿಲ್ಲ’ ಎಂಬರ್ಥದ ಮಾತನ್ನು, ಗಮನ ಬೇಕಾದವರಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂಬರ್ಥದ ಮಾತನ್ನು ಕಲಿಸಿದರು. ರಂಪ ಗಣನೀಯವಾಗಿ ಇಳಿಯಿತು. ಜಾಣತನ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ: ಮಗುವಿನ ಕಾರಣಕ್ಕೆ ಸಂಬಂಧವಿಲ್ಲದ ಮಾತು ಕಲಿಸಿ ನೋಡಿದರು. ರಂಪ ಇಳಿಯಲಿಲ್ಲ. ಮಾತು ಕಲಿಸಿದರೆ ಸಾಲದು, ಆ ರಂಪ ಯಾವ ಮಾತಿನ ಜಾಗದಲ್ಲಿ ಕೂತಿದೆಯೋ ಅದೇ ಮಾತು ಬೇಕು. ಓದು ತಪ್ಪಿದರೆ ಮದ್ದೂ ತಪ್ಪುತ್ತದೆ.

ಕೆಲವೊಮ್ಮೆ ತಪ್ಪು ಓದಿನ ಬೆಲೆ ದುಬಾರಿ. ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದ ಮಗುವಿಗೆ ಕಿವಿ ಸೋರುತ್ತಿರಬಹುದು, ಹಲ್ಲು ಹುಳುಕಾಗಿರಬಹುದು, ಮಲಬದ್ಧತೆ ಹೊಟ್ಟೆಯನ್ನು ಹಿಂಡುತ್ತಿರಬಹುದು. ‘ಆಟಿಸಂ ಇದೆಯಲ್ಲ, ಹಾಗೇ ಆಡ್ತಾನೆ’ ಎಂಬ ಒಂದೇ ವಾಕ್ಯ ನೋವಿನ ಮೇಲೆ ಚಾದರ ಹೊದಿಸಿಬಿಡುತ್ತದೆ. ಹೊಸ ನಡವಳಿಕೆ ಕಂಡರೆ ಮೊದಲು ಮಕ್ಕಳ ವೈದ್ಯರು, ಆಮೇಲೆ ಮಿಕ್ಕ ವ್ಯಾಖ್ಯಾನ.

ಇಲ್ಲದ್ದನ್ನು ಕೇಳಿಸಿಕೊಂಡವರು

ಇಷ್ಟು ಓದಿದವರಿಗೆ, ಸರಿ, ಇನ್ನು ಮುಂದೆ ಪ್ರತಿಯೊಂದಕ್ಕೂ ಅರ್ಥ ಹುಡುಕೋಣ ಅನ್ನಿಸಬಹುದು. ಆ ದಾರಿಯಲ್ಲೂ ಒಂದು ಹಳ್ಳವಿದೆ. ಪ್ರೀತಿಯೇ ತೋಡಿದ ಹಳ್ಳ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಸ್‌ಮರಿ ಕ್ರಾಸ್ಲಿ 1970ರ ದಶಕದಲ್ಲಿ ಬಳಸತೊಡಗಿದ ವಿಧಾನವೊಂದನ್ನು ಅಮೆರಿಕದ ಪ್ರಾಧ್ಯಾಪಕ ಡಗ್ಲಸ್ ಬಿಕ್ಲನ್ 1990ರಲ್ಲಿ ತಮ್ಮ ದೇಶಕ್ಕೆ ಪರಿಚಯಿಸಿದರು. ಮಾತಿಲ್ಲದ ವ್ಯಕ್ತಿಯ ಕೈಯನ್ನೋ ಮೊಣಕೈಯನ್ನೋ ಸಹಾಯಕರೊಬ್ಬರು ಆಧರಿಸಿ ಹಿಡಿಯುವುದು. ಅವರ ಬೆರಳು ಕೀಲಿಮಣೆಯ ಮೇಲೆ ಅಕ್ಷರ ಒತ್ತುವುದು. ಎಂದೂ ಒಂದು ಪದವಾಡದ ಮಕ್ಕಳು ಪುಟಗಟ್ಟಲೆ ಬರೆದರು. ತಂದೆತಾಯಂದಿರು ಅತ್ತರು. ಶಾಲೆಗಳು ಈ ವಿಧಾನವನ್ನು ಅಪ್ಪಿಕೊಂಡವು.

1993ರಲ್ಲಿ ನ್ಯೂಯಾರ್ಕ್ ರಾಜ್ಯದ ಒ. ಡಿ. ಹೆಕ್ ಕೇಂದ್ರದ ಪ್ರಯೋಗ ಪ್ರಕಟವಾಯಿತು. ಹನ್ನೆರಡು ಮಂದಿ ಆಟಿಸಂ ಉಳ್ಳವರು, ಅವರನ್ನು ಬಲ್ಲ ಸಹಾಯಕರು. ಇಬ್ಬರಿಗೂ ಚಿತ್ರ ತೋರಿಸಲಾಯಿತು, ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಂತೆ. ಕೆಲವೊಮ್ಮೆ ಇಬ್ಬರಿಗೂ ಒಂದೇ ಚಿತ್ರ, ಕೆಲವೊಮ್ಮೆ ಬೇರೆ ಬೇರೆ. ಚಿತ್ರ ಬೇರೆಯಾದಾಗ ಕೀಲಿಮಣೆಯಲ್ಲಿ ಮೂಡಿದ್ದು ಸಹಾಯಕರು ಕಂಡ ಚಿತ್ರದ ಹೆಸರು. ಬರೆಯುತ್ತಿದ್ದವರು ಅವರೇ. ಅವರು ಮೋಸಗಾರರಲ್ಲ, ತಮ್ಮ ಕೈ ಚಲಿಸುತ್ತಿದೆ ಎಂಬ ಅರಿವೇ ಅವರಿಗಿರಲಿಲ್ಲ. ಪ್ಲಾಂಚೆಟ್ ಬಿಲ್ಲೆಯ ಮೇಲೆ ಬೆರಳಿಟ್ಟು ‘ನಾನು ತಳ್ಳಲಿಲ್ಲ’ ಎನ್ನುವವರಂತೆ. ಇಷ್ಟರಲ್ಲಿ ಅಂಥ ಬರಹಗಳನ್ನು ನಂಬಿ, ಮನೆಯವರ ಮೇಲೆ ಲೈಂಗಿಕ ದೌರ್ಜನ್ಯದ ಸುಳ್ಳು ಆರೋಪಗಳೂ ಬಂದು ಸಂಸಾರಗಳು ಒಡೆದಿದ್ದವು. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 1994ರಲ್ಲಿ ಎಚ್ಚರಿಸಿತು. 2018ರಲ್ಲಿ ಈ ವಿಧಾನವನ್ನು ಬಳಸಲೇಬಾರದು ಎಂದಿತು.

‘ಗಿಳಿಪಾಠ, ಅರ್ಥವಿಲ್ಲ’ ಎಂದ ಅಪ್ಪನೂ ಈ ಸಹಾಯಕರೂ ಮೇಲ್ನೋಟಕ್ಕೆ ಎದುರು ದಡದವರು. ಒಂದು ಕಡೆ ಕೇಳಿಸಿಕೊಳ್ಳಲೇ ಇಲ್ಲ, ಇನ್ನೊಂದು ಕಡೆ ಇಲ್ಲದ್ದನ್ನೂ ಕೇಳಿಸಿಕೊಂಡರು. ಆದರೆ ಇಬ್ಬರ ತಪ್ಪೂ ಒಂದೇ. ತಮ್ಮ ಓದು ಸುಳ್ಳಾಗಬಹುದಾದ ಸಂದರ್ಭವನ್ನು ಇಬ್ಬರೂ ಉಳಿಸಿಕೊಳ್ಳಲಿಲ್ಲ. ಮಗುವಿಗೆ ‘ಅದಲ್ಲ’ ಎನ್ನಲು ಜಾಗವೇ ಸಿಗಲಿಲ್ಲ.

ಎಲ್ಲವೂ ಸಂದೇಶವೂ ಅಲ್ಲ. ಮಾತಿನ ಬದಲು ಕಂಪ್ಯೂಟರ್ ಧ್ವನಿ ಬಳಸುತ್ತಿದ್ದ, ಆಟಿಸಂ ಉಳ್ಳ ಅಮೆರಿಕದ ಲೇಖಕ ಮೆಲ್ ಬ್ಯಾಗ್ಸ್ 2007ರಲ್ಲಿ ‘ನನ್ನ ಭಾಷೆಯಲ್ಲಿ’ ಎಂಬರ್ಥದ ಶೀರ್ಷಿಕೆಯ ವಿಡಿಯೊ ಮಾಡಿದರು. ಅದರಲ್ಲಿ ಅವರು ಗುನುಗುತ್ತಾ, ನಲ್ಲಿಯ ನೀರಿಗೆ ಬೆರಳೊಡ್ಡುತ್ತಾ ಇರುವ ದೃಶ್ಯವಿದೆ. ಆ ನೀರು ಯಾವುದರ ಸಂಕೇತವೂ ಅಲ್ಲ, ತಾನು ನೀರಿನೊಡನೆ ಸುಮ್ಮನೆ ಒಡನಾಡುತ್ತಿದ್ದೇನೆ ಎಂಬುದು ಅವರ ವಿವರಣೆ. ಮಳೆ ನೋಡುತ್ತಾ ಕೂತ ತಾತನನ್ನು ಯಾರೂ ‘ಇದರ ಮೂಲಕ ಏನು ಹೇಳುತ್ತಿದ್ದೀರಿ?’ ಎಂದು ಕೇಳುವುದಿಲ್ಲ. ಫ್ಯಾನ್ ನೋಡುತ್ತಾ ಕೈ ಕುಣಿಸುವ ಮಗುವಿಗೂ ಆ ಮರ್ಯಾದೆ ಸಲ್ಲಬೇಕು.

ತಾನೂ ಆಟಿಸಂ ಉಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಾದಕ್ಕೆ ಇಲ್ಲಿ ಜಾಗವಿದೆ. ಇಬ್ಬರ ನಡುವೆ ಅರ್ಥ ಮುರಿದು ಬಿದ್ದರೆ ತಪ್ಪನ್ನು ಒಬ್ಬರ ಮೆದುಳಿಗೇ ಹೊರಿಸುವುದೇಕೆ, ಅವರಿಗೆ ನಾವು ಒಗಟಾಗಿರುವಷ್ಟೇ ನಮಗೆ ಅವರೂ ಒಗಟು ಎಂದರು ಅವರು. ಎರಡು ಬೇರೆ ಭಾಷೆಯವರು ಮಾತಾಡಲಾಗದಿದ್ದರೆ ಒಬ್ಬನನ್ನು ಮೂಗ ಎನ್ನುವುದಿಲ್ಲವಲ್ಲ.

ಕಾಯುವ ಕೆಲಸ

ಹಾಗಾದರೆ ಮನೆಯಲ್ಲಿ ಏನು ಮಾಡುವುದು? ನಾಲಿಗೆಗೆ ಬಜೆ ತೇಯ್ದು ಹಚ್ಚಿ ಮಾತು ಬರಲೆಂದು ಕಾಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ‘ಗಂಡುಮಕ್ಕಳು ತಡ’ ಎಂಬ ಸಮಾಧಾನವೂ ಇದೆ. ಆ ಕಾಯುವಿಕೆ ಬೇಡ. ಮಾತು ತಡವೆನಿಸಿದರೆ ಪರೀಕ್ಷಿಸಲು ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಬೇಕಾದದ್ದು ಇನ್ನೊಂದು ಬಗೆಯ ಕಾಯುವಿಕೆ. ಮಗು ಏನೋ ಮಾಡಿದ ಮೇಲೆ, ನಾವು ಬಾಯಿ ತೆರೆಯುವ ಮುಂಚೆ, ಮನಸ್ಸಿನಲ್ಲಿ ಹತ್ತು ಎಣಿಸುವ ಕಾಯುವಿಕೆ.

ಅದನ್ನು ಕಲಿಸಬಹುದು ಎಂಬುದಕ್ಕೆ ಸಾಕ್ಷ್ಯವಿದೆ. ಇಂಗ್ಲೆಂಡಿನಲ್ಲಿ ಜೊನಾಥನ್ ಗ್ರೀನ್ ಮತ್ತು ತಂಡ 152 ಪುಟ್ಟ ಮಕ್ಕಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಥೆರಪಿಸ್ಟ್ ಮುಖ್ಯವಾಗಿ ಕಲಿಸಿದ್ದು ಮಗುವಿಗಲ್ಲ, ಪೋಷಕರಿಗೆ. ತಾಯಿಯೋ ತಂದೆಯೋ ಮಗುವಿನೊಡನೆ ಆಡುವುದನ್ನು ಕೆಲವು ನಿಮಿಷ ವಿಡಿಯೊ ಮಾಡಿ, ಆಮೇಲೆ ಅವರ ಜೊತೆ ಕೂತು ನೋಡುವುದು. ‘ಇಲ್ಲಿ ನೋಡಿ, ಅವನು ನಿಮ್ಮ ಕಡೆ ಕಾರು ತಳ್ಳಿದ.’ ಆಡುವಾಗ ಆಕೆ ‘ಇದು ಯಾವ ಬಣ್ಣ? ಇದಕ್ಕೆ ಎಷ್ಟು ಚಕ್ರ?’ ಎಂದು ಕೇಳುತ್ತಿದ್ದಳು, ಆ ಕಾರು ತನ್ನತ್ತ ಬಂದದ್ದನ್ನು ಕಂಡಿರಲಿಲ್ಲ. ಪೋಷಕರ ಓಗೊಡುವಿಕೆ ಸ್ಪಷ್ಟವಾಗಿ ಬದಲಾಯಿತು. ಮಕ್ಕಳು ತಾವಾಗಿ ಸಂವಹನ ಆರಂಭಿಸುವುದು ಹೆಚ್ಚಿತು. ಇದೇ ವಿಧಾನವನ್ನು ನಮ್ಮ ಪಕ್ಕದ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರ ಮೂಲಕ, 65 ಮಕ್ಕಳ ಅಧ್ಯಯನದಲ್ಲಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಅಲ್ಲೂ ಈ ಎರಡು ಬದಲಾವಣೆಗಳು ಕಂಡವು. ದೊಡ್ಡ ಆಸ್ಪತ್ರೆ ಇಲ್ಲದ ತಾಲ್ಲೂಕುಗಳಿಗೆ ಇದು ಸಣ್ಣ ಸುದ್ದಿಯಲ್ಲ.

ಇನ್ನೊಂದು ಉಪಾಯಕ್ಕೆ ನಲವತ್ತು ಪುಟದ ನೋಟ್‌ಬುಕ್ ಸಾಕು. ನಾಲ್ಕು ಕಂಬ ಎಳೆಯಿರಿ: ಅವನು ಏನು ಮಾಡಿದ, ಎಲ್ಲಿ ಮತ್ತು ಯಾವಾಗ, ನಾವು ಏನೆಂದುಕೊಂಡೆವು, ಹಾಗೆ ನಡೆದುಕೊಂಡಾಗ ಅವನು ಏನು ಮಾಡಿದ. ಕೊನೆಯ ಕಂಬವೇ ಮುಖ್ಯ. ಅಲ್ಲಿ ‘ಸುಮ್ಮನಾದ’ ಎಂದು ಬಂದರೆ ಊಹೆ ಬಹುಶಃ ಸರಿ. ‘ತಳ್ಳಿದ’ ಎಂದು ಬಂದರೆ ಮೂರನೆಯ ಕಂಬ ತಿದ್ದಬೇಕು. ಅಜ್ಜಿ, ಆಯಾ, ಶಿಕ್ಷಕಿ ಎಲ್ಲರೂ ಬರೆದರೆ ಎರಡು ಜನರ ಮನೆಮಾತಿಗೆ ಒಂದು ನಿಘಂಟು ಹುಟ್ಟುತ್ತದೆ. ಮಗು ಶಾಲೆ ಬದಲಿಸಿದಾಗ ಆ ಪುಸ್ತಕವೂ ಜೊತೆಗೆ ಹೋಗಲಿ.

ಚಿತ್ರದ ಕಾರ್ಡು, ಟ್ಯಾಬ್ಲೆಟ್ ಕೊಟ್ಟರೆ ಮಗು ಮಾತೇ ಕಲಿಯುವುದಿಲ್ಲ ಎಂಬ ಭಯ ಬಹಳ ಜನಕ್ಕಿದೆ. ಬೆಳವಣಿಗೆಯ ತೊಂದರೆ ಇದ್ದು ಇಂಥ ಸಾಧನ ಬಳಸಿದ 27 ಮಂದಿಯ ವಿವರಗಳನ್ನು 2006ರ ಒಂದು ಸಮೀಕ್ಷೆ ಜೋಡಿಸಿ ನೋಡಿತು. ಒಬ್ಬರಲ್ಲೂ ಇದ್ದ ಮಾತು ಕಡಿಮೆಯಾಗಿರಲಿಲ್ಲ, ಹೆಚ್ಚಿನವರಲ್ಲಿ ಅಷ್ಟಿಷ್ಟು ಬೆಳೆದಿತ್ತು. ಮಗು ತನ್ನದೇ ಕೈಯಿಂದ, ಯಾರ ಆಧಾರವೂ ಇಲ್ಲದೆ ಆರಿಸಿದ ಚಿತ್ರ ಎಂಬುದಷ್ಟೇ ಇಲ್ಲಿ ಷರತ್ತು.

ಕನ್ನಡದ ಮನೆಗೆ ಕೊನೆಯದಾಗಿ ಒಂದು ಮಾತು. ಪ್ರಶ್ನೆಗಳನ್ನು ಸ್ವಲ್ಪ ಕಡಿಮೆ ಮಾಡಿ. ಮಗು ಲೋಟದ ಕಡೆ ನಡೆದಾಗ ‘ನೀರು ಬೇಕಾ?’ ಎನ್ನುವ ಬದಲು, ಅದರ ಪರವಾಗಿ, ಅದರ ಬಾಯಿಂದ ಬರಬೇಕಾದಂತೆ ‘ನೀರು ಬೇಕು’ ಎಂದು ಹೇಳಿ ಕೊಡಿ. ತುಂಡಾಗಿ ಎತ್ತಿಕೊಳ್ಳುವ ಮಗುವಿಗೆ ಸರಿಯಾದ ಬಾಲದ ತುಂಡು ಸಿಗಲಿ.

ಲೋಟ ಹಿಡಿದು ನಿಂತಾಗ

ಹಜಾರಕ್ಕೆ ಮರಳೋಣ. ಅಮ್ಮ ನೀರು ತಂದಿದ್ದಾಳೆ. ಚೀರಾಟ ಇಳಿಯುವವರೆಗೆ ಪಕ್ಕದಲ್ಲಿ ಕೂತು, ಲೋಟವನ್ನು ಅವನ ಮುಂದೆ ಹಿಡಿದು, ಏನೂ ಮಾತಾಡದೆ ಕಾಯುತ್ತಾಳೆ. ಹುಡುಗ ಲೋಟ ನೋಡುತ್ತಾನೆ. ಕುಡಿಯುವುದಿಲ್ಲ. ಲೋಟ ಹಿಡಿದ ಅಮ್ಮನ ಮಣಿಕಟ್ಟನ್ನು ನೆಂಟರ ಕಡೆಗೆ ತಳ್ಳುತ್ತಾನೆ. ನೆಂಟರು ಗಲಿಬಿಲಿಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿಯುತ್ತಾರೆ. ಹುಡುಗ ಎದ್ದು ನಿಂತು, ಎರಡೂ ಕೈ ಕುಣಿಸಿ, ಒಳಗೆ ಓಡಿಹೋಗುತ್ತಾನೆ.

ಆ ಮನೆಗೆ ಯಾರೇ ಬರಲಿ, ಮೊದಲು ಅಜ್ಜಿ ‘ನೀರು ಬೇಕಾ?’ ಎನ್ನುತ್ತಾಳೆ, ಲೋಟ ಬರುತ್ತದೆ, ಬಂದವರು ಕುಡಿಯುತ್ತಾರೆ. ನೆಂಟರು ಬರುವುದು ಎಂದರೆ ಅವನಿಗೆ ಅಷ್ಟೂ ಸೇರಿದ್ದು. ಇವತ್ತು ಬಂದವರು ‘ಬೇಡ’ ಎಂದುಬಿಟ್ಟರು, ಬರುವುದು ಅರ್ಧಕ್ಕೇ ನಿಂತಿತು. ನಗುತ್ತಾ ‘ಉಪಚಾರ’ ಎಂದ ನೆಂಟರೇ ಅರ್ಥಕ್ಕೆ ಎಲ್ಲರಿಗಿಂತ ಹತ್ತಿರವಿದ್ದರು. ಅಮ್ಮನ ಊಹೆ, ಅದಕ್ಕೆ ನಾನು ಹುಡುಕಿಕೊಟ್ಟ ವ್ಯಾಕರಣದ ಬೆಂಬಲ, ಎರಡೂ ಈ ಸಲ ತಪ್ಪಿದವು. ತಪ್ಪಿದವು ಎಂದು ಗೊತ್ತಾದದ್ದು ಆಕೆ ಲೋಟ ಹಿಡಿದು ಸುಮ್ಮನೆ ಕಾದದ್ದರಿಂದ. ತಿದ್ದಿದವನು ಅವನೇ, ಮಣಿಕಟ್ಟು ತಳ್ಳಿ.

ನಾಳೆ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೆ ‘ನೀರು ಬೇಕಾ?’ ಅನ್ನಬಹುದು. ಆಗ ಅದು ಬಾಯಾರಿಕೆಯೇ ಇರಬಹುದು. ಲೋಟ ಹಿಡಿದು ನಿಂತು ನೋಡಬೇಕು.